ಎಡಗಡೆಯ ಸೀಟು

ನರಸಾಪುರದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ವಕ್ಕಲೇರಿಗೆ ಮರಳುವಾಗ ತ್ರಿವೇಣಿ ಕಿಟಕಿ ಪಕ್ಕ ಕೂತು ತಿರುವುಗಳನ್ನು ಲೆಕ್ಕ ಹಾಕುತ್ತಾಳೆ. ದನಿ ಹೊರಡುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತದೆ. ಜೊತೆಯಲ್ಲಿ ಕೆಲಸ ಮಾಡುವ ಅನಿತ ಮೊದಮೊದಲು ಇವಳು ಯಾವುದೋ ದೇವರ ಸ್ತೋತ್ರ ಹೇಳಿಕೊಳ್ಳುತ್ತಾಳೆ ಅಂದುಕೊಂಡಿದ್ದಳು. ಕೇಳಿದಾಗ ತ್ರಿವೇಣಿ ನಕ್ಕು, "ಹಳೇ ಅಭ್ಯಾಸ ಕಣೇ," ಅಂದಿದ್ದಳು.

ಅವಳಿಗೀಗ ಮೂವತ್ತೊಂದು. ಅದರಲ್ಲಿ ಆರು ವರ್ಷ ಅವಳು ಕಾರ್ ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿದ್ದಳು. ಕಾರು ಓಡಿಸುವವನ ಎಡಗಡೆ ಕೂತು, ಮುಂದಿನ ತಿರುವು, ಉಬ್ಬು, ಹಳ್ಳ ಕಣ್ಣಿಗೆ ಬೀಳುವ ಮೊದಲೇ ಪುಸ್ತಕ ನೋಡಿ ಕೂಗಿ ಹೇಳುವ ಕೆಲಸ ಅದು. ರ‍್ಯಾಲಿ ನಡೆಯುವುದು ಮಣ್ಣಿನ ರಸ್ತೆಗಳಲ್ಲಿ. ಧೂಳಿನಲ್ಲಿ ಓಡಿಸುವವನಿಗೆ ಹತ್ತು ಮಾರು ಆಚೆಗಿನದು ಕಾಣುವುದಿಲ್ಲ. ಪಕ್ಕದವಳ ಮಾತನ್ನು ನಂಬಿಯೇ ಅವನು ಸ್ಟೀರಿಂಗ್ ತಿರುಗಿಸಬೇಕು.

ಅವಳನ್ನು ಆ ಸೀಟಿಗೆ ಕರೆದವನು ಚಂದ್ರಮೋಹನ್. ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರ ಮಗ. ಕೋಲಾರದ ಪಾಲಿಟೆಕ್ನಿಕ್‌ನಲ್ಲಿ ಅವಳಿಗಿಂತ ಒಂದು ವರ್ಷ ಮುಂದಿದ್ದ. ಗುಜರಿಗೆ ಹೋಗಬೇಕಿದ್ದ ಒಂದು ಕಾರನ್ನು ಗೆಳೆಯರ ಜೊತೆ ಸೇರಿ ಬಿಚ್ಚಿ ಜೋಡಿಸಿ ರ‍್ಯಾಲಿಗೆ ತಯಾರು ಮಾಡಿದ್ದ. ಓಟಕ್ಕೆ ಒಂದು ವಾರ ಇರುವಾಗ ಪಕ್ಕದಲ್ಲಿ ಕೂರಬೇಕಿದ್ದ ಗೆಳೆಯನಿಗೆ ಮೈಮೇಲೆ ಅಮ್ಮನ ಗುಳ್ಳೆ ಎದ್ದವು.

"ಲೇತ್ ಮಿಷನ್ ಸದ್ದಲ್ಲೂ ನಿನ್ ಗಂಟಲು ಕೇಳುತ್ತೆ ಕಣೇ," ಅಂದ ಚಂದ್ರಮೋಹನ್, ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು. "ಭಾನುವಾರ ಬರ್ತೀಯಾ?"

"ಎಲ್ಲಿಗೆ?"

"ಕಾರಲ್ಲಿ ಕೂತ್ಕೊಂಡು ಕೂಗೋಕೆ."

ಅವಳು ಮನೆಯಲ್ಲಿ ಹೇಳಿದಳು. ಅಪ್ಪ ಕದಿರಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಾ, "ಬೆಲ್ಟ್ ಐತಾ ಕಾರಲ್ಲಿ?" ಅಂತ ಒಂದೇ ಪ್ರಶ್ನೆ ಕೇಳಿದ. ಐತೆ ಅಂದಳು. "ಹಂಗಾದ್ರೆ ಹೋಗು."

ಓಟಕ್ಕೆ ಮುಂಚೆ ಆ ದಾರಿಯಲ್ಲಿ ಎರಡು ಸಲ ನಿಧಾನವಾಗಿ ಹೋಗಿಬರಲು ಬಿಡುತ್ತಾರೆ. ಮೊದಲ ಸಲ ಅವನು ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಿದ್ದಳು. ಎರಡನೆಯ ಸಲ ಅವಳು ಓದುತ್ತಿದ್ದಳು, ಅವನು ತಿದ್ದುತ್ತಿದ್ದ. ಒಂದು ಅಂದರೆ ಕಡಿದಾದ ತಿರುವು, ಆರು ಅಂದರೆ ತಿರುವೇ ಅಲ್ಲದಂಥದ್ದು. ಅನುಮಾನ ಬಂದ ಕಡೆ ಇಳಿದು ನಡೆದು ನೋಡುತ್ತಿದ್ದರು. ಅವಳು ಮಣ್ಣು ಕೆದಕಿ ನೋಡುವಳು, ಅವನು ಕೂತು ರಸ್ತೆ ಯಾವ ಕಡೆ ವಾಲಿದೆ ಅಂತ ನೋಡುವನು. ಆಮೇಲೆ ಯಾವುದಾದರೂ ಮರದ ಕೆಳಗೆ ಅವಳಮ್ಮ ಶ್ಯಾಮಲಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಂಚಿಕೊಂಡು ತಿನ್ನುವರು. ಮೊದಲ ಓಟದಲ್ಲಿ ಅವಳು "ಎಚ್ಚರ" ಅಂತ ಕೂಗಿದರೆ ಅವನ ಕಾಲು ಬ್ರೇಕಿನ ಮೇಲೆ ಹೋಗಲೇ ಇಲ್ಲ. ಅವನ ಮನೆಮಾತು ತೆಲುಗು. "ಜಾಗ್ರತ್ತ ಅನ್ನು. ನಮ್ಮಮ್ಮ ಅಂದಂಗೆ ಇರ್ತದೆ," ಅಂದ. ಅಂದಿನಿಂದ ಪುಸ್ತಕದಲ್ಲಿ ಕನ್ನಡದ ನಡುವೆ ಅದೊಂದು ತೆಲುಗು ಮಾತು ಸೇರಿಕೊಂಡಿತು.

ಎರಡನೆಯ ವರ್ಷ ತಮ್ಮ ಕಾರಿನ ವರ್ಗದಲ್ಲಿ ಗೆದ್ದರು. ಮೂರನೆಯ ವರ್ಷ ರಾಜ್ಯದಾಚೆ ಹೋಗಿ ಗೆದ್ದರು. ಗೆದ್ದಾಗ ನೋಡಲು ಇದ್ದವರು ನಲವತ್ತು ಜನ ಇರಬಹುದು, ಜೊತೆಗೊಂದು ಕುರಿಮಂದೆ.

ಆಮೇಲೆ ಒಂದು ವಿಡಿಯೊ ಬಂತು. ಯಾರೋ ಮೊಬೈಲಿನಲ್ಲಿ ತೆಗೆದದ್ದು. ಕಾರು ಒಂದು ಚಕ್ರ ಎತ್ತಿಕೊಂಡು ತಿರುವು ದಾಟಿ ನಿಲ್ಲುತ್ತದೆ. ಚಂದ್ರಮೋಹನ್ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ನಗುತ್ತಾನೆ. ಆ ನಗುವನ್ನು ಲಕ್ಷಾಂತರ ಜನ ನೋಡಿದರು. ವರ್ಷದೊಳಗೆ ಅವನು ಕಪ್ಪು ಕನ್ನಡಕದ ಜಾಹೀರಾತಿನಲ್ಲಿ ಬಂದ, ಟೀವಿ ಷೋಗೆ ಹೋದ, ಸಿನಿಮಾದವರ ಮದುವೆಗಳಲ್ಲಿ ಕಾಣಿಸಿಕೊಂಡ. ಅವನ ದಿನಚರಿ ನೋಡಿಕೊಳ್ಳಲು ಶಿವಕುಮಾರ್ ಅನ್ನುವ ಮ್ಯಾನೇಜರ್ ಬಂದ.

ಒಳ್ಳೆಯದೂ ಆಯಿತು, ಅದನ್ನು ತ್ರಿವೇಣಿ ಯಾವತ್ತೂ ಇಲ್ಲವೆನ್ನಲಿಲ್ಲ. ಹೊಸ ಕಾರು ಬಂತು, ಪ್ರತಿ ಓಟಕ್ಕೂ ಹೊಸ ಟೈರು ಬಂದವು. ರ‍್ಯಾಲಿ ಅಂದರೆ ಏನೆಂದು ತಿಳಿಯದ ಊರುಗಳಲ್ಲಿ ಹುಡುಗರು ಅವನ ಕಾರಿನ ನಂಬರನ್ನು ಬೈಕುಗಳ ಮೇಲೆ ಬರೆಸಿಕೊಂಡರು. ಕೋಲಾರದ ಬಸ್ ನಿಲ್ದಾಣದಲ್ಲಿ ಅವನ ದೊಡ್ಡ ಪೋಸ್ಟರ್ ಬಿತ್ತು. ಟೊಮೆಟೊ ಮಂಡಿಯಿಂದ ಬರುತ್ತಾ ಅದನ್ನು ನೋಡಿದ ಕದಿರಪ್ಪ ಮನೆಗೆ ಬಂದು ಕೇಳಿದ: "ಏಮ್ಮಾ, ಕಾರು ಐತೆ, ಆ ಹುಡುಗ ಅವ್ನೆ. ಪಕ್ಕದ ಸೀಟಲ್ಲಿ ಯಾರೂ ಇಲ್ವಲ್ಲ?"

"ಅದು ಜಾಹೀರಾತು ಅಪ್ಪ," ಅಂದಳು. ಮಾರನೆಯ ದಿನ ತಾನೇ ಹೋಗಿ ನೋಡಿ ಬಂದಳು.

ಕಮ್ಮಿಯಾದದ್ದು ಆ ನಿಧಾನದ ದಿನಗಳು. ಚಿತ್ರಾನ್ನ ಹೋಯಿತು, ನಡೆದು ನೋಡುವುದು ಹೋಯಿತು. ಅವನು ತಡವಾಗಿ ಬಂದು, ಒಂದು ಕೈಯಲ್ಲಿ ಫೋನು ಹಿಡಿದು, ಮೊದಲ ಸುತ್ತು ಮುಗಿಸಿ ಹೊರಡುತ್ತಿದ್ದ. ಆರನೆಯ ವರ್ಷ ಶ್ರೀನಿವಾಸಪುರದ ತೋಟಗಳ ನಡುವೆಯೇ ರ‍್ಯಾಲಿ ಬಂತು. ಹಿಂದಿನ ದಿನ ಮಧ್ಯಾಹ್ನ ಎರಡನೆಯ ಸುತ್ತಿಗೆ ಹೊರಡಬೇಕು, ಶಿವಕುಮಾರ್ ಬೇರೆ ಕಾರು ತಂದು ನಿಲ್ಲಿಸಿದ. ಮುಳಬಾಗಿಲಿನಲ್ಲಿ ಬಟ್ಟೆ ಅಂಗಡಿ ಉದ್ಘಾಟನೆಗೆ ಚಂದ್ರಮೋಹನ್ ಹೋಗಬೇಕಿತ್ತು.

"ಇವತ್ತು ಬೇಡ ಚಂದ್ರು. ಮೋಡ ಐತೆ. ಮಳೆ ಬಂದ್ರೆ ದಾರಿ ಬದಲಾಗುತ್ತೆ," ಅಂದಳು.

"ನಮ್ಮೂರ ದಾರಿ ಕಣೇ, ಕಣ್ಮುಚ್ಕೊಂಡು ಓಡಿಸ್ತೀನಿ. ಅವ್ರಿಗೆ ಮಾತು ಕೊಟ್ಬಿಟ್ಟಿದೀನಿ. ನಮ್ ಟೈರೆಲ್ಲ ಎಲ್ಲಿಂದ ಬರ್ತವೆ, ಹೇಳು?"

ಸಂಜೆ ಒಂದು ಮಳೆ ಬಿತ್ತು. ಮಳೆ ನಿಂತ ಮೇಲಾದರೂ ಹೋಗಿ ನೋಡಬಹುದಿದ್ದ ಎರಡನೆಯ ಸುತ್ತು ಆಗಲೇ ಇಲ್ಲ, ಅವನು ಮುಳಬಾಗಿಲಿನಲ್ಲಿದ್ದ. ಮಾರನೆಯ ದಿನ ಓಟದ ಮೂರನೆಯ ಹಂತದಲ್ಲಿ ಅವಳು "ಬಲ ಮೂರು" ಅಂತ ಕೂಗಿದಳು. ಪುಸ್ತಕದಲ್ಲಿ ಹಾಗೇ ಇತ್ತು. ಆದರೆ ನೀರು ಹರಿದು ಆ ತಿರುವಿನ ಅಡ್ಡಕ್ಕೆ ಮೊಣಕಾಲಾಳದ ಕೊರಕಲು ಬಿದ್ದಿತ್ತು. ಕಾರು ಎಗರಿತು. ತಿರುವಿನ ಹೊರಗಡೆ, ಯಾರೂ ನಿಲ್ಲಬಾರದ ಜಾಗದಲ್ಲಿ, ತಮ್ಮೂರ ಹೀರೋನನ್ನು ನೋಡಲು ಬಂದವರು ಮೊಬೈಲು ಎತ್ತಿಕೊಂಡು ಗುಂಪಾಗಿ ನಿಂತಿದ್ದರು. ಚಂದ್ರಮೋಹನ್ ಕಾರನ್ನು ಒಳಕ್ಕೆ ಎಳೆದ. ಹಿಂಭಾಗ ಬೀಸಿ, ಎಡಮಗ್ಗುಲು ಮಾವಿನ ಮರಕ್ಕೆ ಬಡಿಯಿತು. ಗುಂಪಿನಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ತ್ರಿವೇಣಿಯ ಎಡಗೈ ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಅವನು ಮೂರು ದಿನ ಅವಳ ಮಂಚದ ಬಳಿಯೇ ಇದ್ದ. ಮೊದಲ ದಿನ ಅತ್ತ. ಎರಡನೆಯ ದಿನ, ಅವನು ತಲೆ ತಗ್ಗಿಸಿ ಕೂತಿರುವ, ಅವಳು ಮಂಪರಿನಲ್ಲಿ ಮಲಗಿರುವ ಫೋಟೊ ಊರೆಲ್ಲ ಹರಿದಾಡಿತು. ನೋಡಲು ಬಂದ ಪಾಲಿಟೆಕ್ನಿಕ್ ಗೆಳತಿಯೊಬ್ಬಳು ತೋರಿಸಿದಳು. ಕೆಳಗೆ ಸಾವಿರಾರು ಹೃದಯದ ಗುರುತುಗಳು.

"ಶಿವಕುಮಾರ್ ಹಾಕಿದ್ದು. ನಂಗೆ ಗೊತ್ತಿರ್ಲಿಲ್ಲ," ಅಂದ ಚಂದ್ರಮೋಹನ್. ತಕ್ಷಣ ತೆಗೆಸಿದ. ಸುಳ್ಳು ಹೇಳುವವನಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೂ ಅವನ ಪಕ್ಕ ಮತ್ತೆ ಕೂರಲಾರೆ ಅನ್ನಿಸಿತು. ಗುಣವಾದ ಮೇಲೆ ಕಾರ್ಖಾನೆ ಸೇರಿದಳು. ಆ ಅಪಘಾತದಿಂದಾಗಿ ಜಿಲ್ಲೆಯಲ್ಲಿ ಮೂರು ವರ್ಷ ರ‍್ಯಾಲಿಗೇ ಅನುಮತಿ ಸಿಗಲಿಲ್ಲ.

ಜನ ಬೇರೇನೋ ಅಂದುಕೊಂಡರು. ಶ್ಯಾಮಲಮ್ಮನೂ ಒಮ್ಮೆ, "ಆ ಹುಡುಗನ್ ಮೇಲೆ ಮನಸ್ಸಿತ್ತೇನೇ?" ಅಂತ ಕೇಳಿದಳು. ತ್ರಿವೇಣಿ ನಿಜವಾಗಿ ಯೋಚಿಸಿ ನೋಡಿದಳು. ಅವಳಿಗೆ ಬೇಕಾಗಿದ್ದು ಅವನ ಮನೆಯಲ್ಲ, ಅವನ ಕೈಯಲ್ಲ. ತನ್ನ ಬಾಯಿಂದ ಮಾತು ಹೊರಟು ಅವನ ಕೈಗೆ ತಲುಪುವ ಆ ಗಳಿಗೆ. ಇಬ್ಬರಲ್ಲಿ ಯಾರು ಕಾರು ಓಡಿಸುತ್ತಿದ್ದಾರೆ ಅಂತ ಹೇಳಲಾಗದಷ್ಟು ಹತ್ತಿರದ ಗಳಿಗೆ. ಅದಕ್ಕೆ ಹೆಸರಿಲ್ಲದ್ದರಿಂದ, "ಇಲ್ಲಮ್ಮ," ಅಂದಳು.

ಹೋದ ವರ್ಷ ಮಾಗಿಯಲ್ಲಿ ಚಂದ್ರಮೋಹನ್ ವಕ್ಕಲೇರಿಗೆ ಬಂದ. ಜೊತೆಗೆ ಯಾರೂ ಇರಲಿಲ್ಲ. ಕದಿರಪ್ಪ ಮಂಚ ತಂದು ಅಂಗಳದ ಬಿಸಿಲಿಗೆ ಹಾಕಿದ. ಚಂದ್ರಮೋಹನ್ ದಪ್ಪಗಾಗಿರಲಿಲ್ಲ, ಆದರೆ ಕಣ್ಣ ಸುತ್ತ ದಣಿವಿತ್ತು.

"ನಮ್ ಜಿಲ್ಲೇಲಿ ಮತ್ತೆ ರ‍್ಯಾಲಿ ಮಾಡ್ತಾರಂತೆ. ಮಾಲೂರು ಕಡೆ," ಅಂದ. "ನನ್ ಹೆಸರು ನೋಡೇ ಒಪ್ಪಿಗೆ ಕೊಟ್ಟಿದಾರೆ. ವಾಪಸ್ ಬಾ ತ್ರಿವೇಣಿ. ನಾಲ್ಕು ಜನ ನ್ಯಾವಿಗೇಟರ್ ಬದಲಾದ್ರು. ಎಲ್ರೂ ಓದ್ತಾರೆ. ಯಾರೂ ಹೇಳಲ್ಲ."

ಅವಳಿಗೆ ಹೂಂ ಅಂದುಬಿಡಬೇಕು ಅನ್ನಿಸಿತು. ಆದರೂ ಕೇಳಿದಳು: "ಓಟಕ್ಕೆ ಮುಂಚೆ ನಾಲ್ಕು ದಿನ ಕೊಡ್ತೀಯಾ? ಫೋನಿಲ್ಲ, ಷೂಟಿಂಗಿಲ್ಲ. ಎರಡು ಸುತ್ತು ಪೂರ್ತಿ."

ಅವನು ಅಂಗಳದ ಮಣ್ಣನ್ನೇ ನೋಡುತ್ತಿದ್ದ. "ಆ ವಾರ ಒಂದು ಷೂಟಿಂಗ್‌ಗೆ ಸೈನ್ ಮಾಡಿದೀನಿ. ಅದು ಬಿಟ್ರೆ ಕಾರಿಲ್ಲ. ಕಾರಿಲ್ದೆ ಇದ್ರೆ ಈ ರ‍್ಯಾಲಿನೂ ಇಲ್ಲ ಕಣೇ. ನಾನೇನು ಷೋಕಿಗೆ ಮಾಡ್ತಿದೀನಿ ಅಂದ್ಕೊಂಡಿದೀಯಾ?"

"ಇಲ್ಲ."

"ಕುರಿ ಮುಂದೆ ಗೆದ್ದಿದ್ದು ನೆನಪಿದೆಯಾ? ಅವಾಗ ಈ ಆಟ ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿರ್ಲಿಲ್ಲ. ಆದ್ರೆ ಅವಾಗ ನಿಂಗೆ ದಾರಿ ಗೊತ್ತಿತ್ತು."

ಅವನು ಕೋಪ ಮಾಡಿಕೊಳ್ಳಲಿಲ್ಲ. ಶ್ಯಾಮಲಮ್ಮ ಕೊಟ್ಟ ಕಾಫಿ ಕುಡಿದು, "ಬರ್ತೀನಿ ಅಣ್ಣ," ಅಂತ ಕದಿರಪ್ಪನಿಗೆ ಹೇಳಿ ಹೊರಟ. ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

ರ‍್ಯಾಲಿ ನಡೆಸುವವರು ಅವಳನ್ನು ಬೇರೆ ಕೆಲಸಕ್ಕೆ ಕೇಳಿದರು. ಶಿವಾರಪಟ್ಟಣದ ಹತ್ತಿರದ ಒಂದು ತಿರುವಿನಲ್ಲಿ ಜನರನ್ನು ಹಗ್ಗದ ಹಿಂದೆ ನಿಲ್ಲಿಸಿ, ಪ್ರತಿ ಕಾರು ದಾಟಿದ್ದನ್ನು ವಾಕಿಟಾಕಿಯಲ್ಲಿ ತಿಳಿಸಬೇಕು. ಅವಳು ರಜೆ ಹಾಕಿ ಹೋದಳು. ಬೆಳಗಿನ ಎಂಟಕ್ಕೇ ಸಾವಿರ ಜನ ಸೇರಿದ್ದರು. ಮಾಲೂರಿನ ಕಾಲೇಜು ಹುಡುಗಿಯರು ಚಂದ್ರಮೋಹನನ ಹೆಸರು ಬರೆದ ಬಟ್ಟೆ ಹಿಡಿದಿದ್ದರು. ಇಷ್ಟು ಜನ ಒಂದು ಮಣ್ಣಿನ ತಿರುವಿಗಾಗಿ ಬಂದಿದ್ದಾರಲ್ಲ ಅಂತ ಅವಳಿಗೆ ನಿಜಕ್ಕೂ ಸಂತೋಷವಾಯಿತು. ಹೊರಗಡೆಯ ಅಂಚಿನಲ್ಲಿ ಮಾತ್ರ ಒಬ್ಬರನ್ನೂ ನಿಲ್ಲಲು ಬಿಡಲಿಲ್ಲ.

ಅವನ ಕಾರು ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಗ್ಗುಲಾಗಿ ಜಾರಿ, ಸರಿಹೋಗಿ, ದಾಟಿತು. ತಿರುವಿಗೆ ಅವನು ಒಂದಿಷ್ಟು ಬೇಗ ಬ್ರೇಕು ಒತ್ತಿದ್ದು ಅವಳಿಗೆ ಮಾತ್ರ ತಿಳಿಯಿತು. ದಾರಿಯನ್ನು ನಂಬದವನು ಒತ್ತುವ ಬ್ರೇಕು. ಜನ ಕೂಗಿ ಕುಣಿದರು. ಅವನು ಆ ದಿನ ಏಳನೆಯವನಾಗಿ ಮುಗಿಸಿದ.

ಹಗ್ಗಕ್ಕೆ ಒರಗಿ ನಿಂತಿದ್ದ ವಯಸ್ಸಾದವರೊಬ್ಬರು ಅವಳನ್ನು ಕರೆದರು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಚನ್ನರಾಯಪ್ಪ. ಮಗಳ ಒತ್ತಾಯಕ್ಕೆ ಬಂದವರು, ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ ಇನ್ನೂ ಇತ್ತು.

"ಅಮ್ಮಾ, ಎಲ್ರೂ ಆ ಹುಡುಗನ್ನ ನೋಡಿದ್ರು. ಪಕ್ಕದಾಗೆ ಕೂತಿದ್ದೋನು ತಲೆ ಬಗ್ಗಿಸ್ಕೊಂಡು ಏನೋ ಹೇಳ್ತಾ ಇದ್ನಲ್ಲ. ಏನದು?"

ತ್ರಿವೇಣಿ ಅವರ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ನೋಡಲು ಬಂದವರು ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ.

"ದಾರಿ ಹೇಳ್ತಾ ಇದ್ದ," ಅಂದಳು. ಇನ್ನೂ ಹೇಳಬೇಕೆಂದು ಅವರ ಹತ್ತಿರ ಸರಿದಳು. ಅಷ್ಟರಲ್ಲಿ ದೂರದ ನೀಲಗಿರಿ ತೋಪಿನ ಹಿಂದೆ ಮುಂದಿನ ಕಾರಿನ ಸದ್ದು ಕೇಳಿಸಿತು. "ಸ್ವಲ್ಪ ಇರಿ ಯಜಮಾನ್ರೇ, ಇದು ಹೋಗ್ಲಿ, ಪೂರ್ತಿ ಹೇಳ್ತೀನಿ," ಅಂದು ಹಗ್ಗ ಬಿಗಿಹಿಡಿದು ಜನರತ್ತ ತಿರುಗಿದಳು.