ನಾಗರತ್ನಳ ಕಲ್ಲು, ನನ್ನ ಹೊಟ್ಟೆಕಿಚ್ಚು

ಕಲಾಪ್ರದರ್ಶನಕ್ಕೆ ಹೋದರೆ ನಾನು ಮೊದಲು ಚಿತ್ರ ನೋಡುವುದಿಲ್ಲ, ಅದರ ಕೆಳಗೆ ಅಂಟಿಸಿದ ಚೀಟಿ ನೋಡುತ್ತೇನೆ. ಹೆಸರು ಗೊತ್ತಿಲ್ಲದವರದಾದರೆ ಚಿತ್ರ ಬಹಳ ಚೆನ್ನಾಗಿ ಕಾಣುತ್ತದೆ. ಗೊತ್ತಿದ್ದವರದಾದರೆ ನೀಲಿ ಕೊಂಚ ಜಾಸ್ತಿಯಾಯಿತೇನೋ ಅನ್ನಿಸುತ್ತದೆ. ಜೊತೆಯಲ್ಲಿ ಓದಿದವರದಾದರೆ ಮಾತ್ರ ದೇವರೇ ಗತಿ.

ನಾಗರತ್ನ ನನ್ನ ಜೊತೆಯಲ್ಲಿ ಓದಿದವಳು, ಮಂಡಿಕಲ್ ಕಡೆಯವಳು. ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಯುವಾಗ ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಗೆರೆ ಎಳೆಯುವುದರಲ್ಲಿ ನನ್ನ ಕೈಯೇ ಮುಂದು ಎಂದು ಮೇಷ್ಟರು ಹೇಳುತ್ತಿದ್ದರು. ಆ ಮಾತನ್ನು ನಾನು ಮರೆತಿಲ್ಲ, ನಮ್ಮ ಮನೆಯವರಿಗೂ ಮರೆಯಲು ಬಿಟ್ಟಿಲ್ಲ. ಓದು ಮುಗಿದ ಮೇಲೆ ನಾನು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾದೆ. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಹೂಜಿ, ಮಾವಿನಹಣ್ಣು ಬರೆಯಲು ಕಲಿಸುತ್ತಿದ್ದೇನೆ. ಅವಳು ಉಳಿ ಹಿಡಿದು ಕಲ್ಲಿನ ಬೆನ್ನು ಹತ್ತಿದಳು. ಈಗ ಬೆಂಗಳೂರಿನ ಗಿಜಿಗುಡುವ ರಸ್ತೆಯೊಂದರ ಫುಟ್‌ಪಾತಿನಲ್ಲಿ ಅವಳು ಕೆತ್ತಿದ ಹೆಂಗಸೊಬ್ಬಳು ಕಲ್ಲುಬೆಂಚಿನ ತುದಿಯಲ್ಲಿ ಕೂತು, ಮಡಿಲಲ್ಲಿ ಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಳೆ.

ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಹಿಂದಿನ ಕಾಲದ ದೊಡ್ಡ ಶಿಲ್ಪಿಗಳಲ್ಲಿ ಕೆಲವರು ವಿಗ್ರಹದ ಬುಡದಲ್ಲಿ ತಮ್ಮ ಹೆಸರಿನ ಜೊತೆಗೆ, ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವರು ಎಂಬರ್ಥದ ಬಿರುದನ್ನೂ ಕೆತ್ತಿಕೊಂಡಿದ್ದರಂತೆ. ನನ್ನ ಸಂಕಟಕ್ಕೆ ಶಾಸನಾಧಾರವಿದೆ ಎಂದಾಯಿತು.

ಕಳೆದ ತಿಂಗಳು ಅದೇ ರಸ್ತೆಯ ಗ್ಯಾಲರಿಯಲ್ಲಿ ನಾಗರತ್ನಳ ಪ್ರದರ್ಶನ. ಫೋನ್ ಮಾಡಿ ಕರೆದಳು. ಹೋಗದಿದ್ದರೆ ಹೊಟ್ಟೆಕಿಚ್ಚು ಅಂದುಕೊಂಡಾಳೆಂದು ಹೊರಟೆ. ಬೆಳಗಿನ ಬಸ್ಸು ಬೇಗ ತಲುಪಿಸಿಬಿಟ್ಟಿತು. ಗ್ಯಾಲರಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಎದುರಿಗಿದ್ದ ಕಲ್ಲಿನವಳ ಪಕ್ಕದಲ್ಲಿ ಕೂತು ತಪ್ಪು ಹುಡುಕತೊಡಗಿದೆ. ಮುಖದಲ್ಲಿ ಸಿಗಲಿಲ್ಲ, ಕೈಬೆರಳಲ್ಲಿ ಸಿಗಲಿಲ್ಲ. ಕೊನೆಗೆ ಪಾದ ನೋಡಿದೆ. ಆಳಿಗೆ ಹೊಂದದಷ್ಟು ದೊಡ್ಡವು. ಮನಸ್ಸಿಗೆ ತಂಪಾಯಿತು.

ಅಷ್ಟರಲ್ಲಿ ಯುವ ದಂಪತಿ ಬಂದರು. ನನ್ನ ಕೈಮಗ್ಗದ ಸೀರೆ, ದೊಡ್ಡ ಕುಂಕುಮ, ಬಟ್ಟೆಯ ಚೀಲ ನೋಡಿ ಆ ಹುಡುಗಿ ಕೇಳಿದಳು: "ಮೇಡಂ, ಇದನ್ನ ಮಾಡಿದ್ದು ನೀವೇನಾ?"

"ಹೂಂ" ಅಂದುಬಿಟ್ಟೆ.

ಆ ಒಂದಕ್ಷರ ಹೇಗೆ ಹೊರಬಿತ್ತೋ ಇವತ್ತಿಗೂ ತಿಳಿಯದು. ಪಾದ ಯಾಕೆ ಇಷ್ಟು ದೊಡ್ಡದು ಎಂದು ಅವಳ ಗಂಡ ಕೇಳಿದ. ಟೀಚರಿಗೆ ವಿವರಿಸುವುದೊಂದು ರೋಗ. ಬಸ್ಸಿಲ್ಲದ ಊರುಗಳಲ್ಲಿ ನಡೆದೂ ನಡೆದೂ ಹೆಂಗಸರ ಪಾದ ಅಗಲವಾಗುತ್ತದೆ, ಇವಳು ಈಗ ಕೂತಿದ್ದಾಳೆ ನಿಜ, ಆದರೆ ಬಸ್ಸು ಬರದಿದ್ದರೂ ಊರು ಸೇರುವವಳು ಎಂದೆ. ಇಬ್ಬರೂ ಬಗ್ಗಿ ಆ ಪಾದ ಮುಟ್ಟಿ ನೋಡಿದರು. ಆಮೇಲೆ ನನ್ನ ಜೊತೆ ಫೋಟೋ ಬೇಕೆಂದರು.

"ಕೊಡಿಯಮ್ಮ, ನಾನು ತೆಗೀತೀನಿ. ನೀವಿಬ್ರೂ ಮೇಡಂ ಪಕ್ಕ ನಿಂತ್ಕೊಳ್ಳಿ" ಎಂಬ ದನಿ ಹಿಂದಿನಿಂದ ಕೇಳಿಸಿತು. ನಾಗರತ್ನ.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಫೋಟೋ ತೆಗೆದಳು. ಸರಿಯಾಗಿ ಬಂತೋ ಇಲ್ಲವೋ ಎಂದು ಇನ್ನೊಂದೂ ತೆಗೆದಳು. ಅವರು ನನಗೆ ಕೈಮುಗಿದು ಹೋದರು. ಆಂಧ್ರದ ಗಡಿಗೆ ಹತ್ತಿರದ ನಮ್ಮ ಕಡೆಯವರಿಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ಜಾರುತ್ತದೆ. ಜಾರಲೆಂದು ತಲೆತಗ್ಗಿಸಿ ಕಾದೆ. ಜಾರಲಿಲ್ಲ.

"ತಪ್ಪಾಯ್ತು ಕಣೇ. ನಿನ್ನ ಮೇಲೆ ನಂಗೆ ಮೊದಲಿಂದ್ಲೂ ಹೊಟ್ಟೆಕಿಚ್ಚು" ಎಂದೆ.

"ಗೊತ್ತು ಕಣೇ" ಎಂದು ಪಕ್ಕದಲ್ಲಿ ಕೂತಳು. "ಆದ್ರೆ ಪಾದದ ಬಗ್ಗೆ ಹೇಳಿದ್ಯಲ್ಲ, ಅದು ನಂಗೆ ಹೊಳೆದೇ ಇರ್ಲಿಲ್ಲ. ಅಲ್ಲಿ ಕಲ್ಲು ವಿಪರೀತ ಗಟ್ಟಿ, ಉಳಿ ಇಳೀಲಿಲ್ಲ. ಸಾಕಾಗಿ ಹಂಗೇ ಬಿಟ್ಟೆ."

ಇಬ್ಬರೂ ನಕ್ಕೆವು. ನನಗೆ ಅಳುವೂ ಸ್ವಲ್ಪ ಬಂತು. ಇಷ್ಟು ವರ್ಷ ಹೇಳದೆ ಇದ್ದ ಮಾತನ್ನೂ ಅಲ್ಲೇ ಹೇಳಿದೆ: ಮೂರ್ತಿ ತುಂಬ ಚೆನ್ನಾಗಿದೆ ಎಂದು. ಅವಳು ಸೆರಗಿನಿಂದ ಕಲ್ಲಿನವಳ ಮೊಣಕಾಲಿನ ಧೂಳು ಒರೆಸುತ್ತ ಕೂತಳು.

ಹನ್ನೊಂದಕ್ಕೆ ಉದ್ಘಾಟನೆ. ಸಭೆಯಲ್ಲಿ ಯಾರೋ ಎದ್ದು ಅದೇ ಪಾದದ ಪ್ರಶ್ನೆ ಕೇಳಿದರು. ನಾಗರತ್ನ ನನ್ನ ಕಡೆ ಒಮ್ಮೆ ನೋಡಿ, ನಡೆದೂ ನಡೆದೂ ಅಗಲವಾದ ಪಾದದ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ. ಒಳಗೆ ಮಾತ್ರ ಭಗ್ಗೆಂದಿತು.

ಸಂಜೆ ಬಸ್ಸು ಹೊಸಕೋಟೆ ದಾಟುವವರೆಗೂ ಅದೇ ಯೋಚನೆ. ಅಲ್ಲಿಯತನಕ ನನ್ನದಲ್ಲದ್ದನ್ನು ನೋಡಿ ಕರುಬುತ್ತಿದ್ದೆ. ಅಂದು ಮೊದಲ ಸಲ ನನ್ನದೇ ಆದದ್ದಕ್ಕೆ ಕರುಬಿದೆ. ಹೊಟ್ಟೆಕಿಚ್ಚಿನಲ್ಲೂ ಮನುಷ್ಯರಿಗೆ ಬಡ್ತಿ ಎಂಬುದೊಂದು ಇರುತ್ತದೆ.