ಕಳಚಿಟ್ಟ ಟ್ಯಾಂಕಿನೊಳಗಿನ ಸದ್ದು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಇದನ್ನು ಕಿವಿಯಾರೆ ಕೇಳಿದ್ದೇನೆ, ಕೈಯಾರೆ ಮುಟ್ಟಿದ್ದೇನೆ. ಯರಗಟ್ಟಿಯಲ್ಲಿ ಬೈಕ್ ರಿಪೇರಿ ಮಾಡಿಕೊಂಡೇ ಅರ್ಧ ಆಯುಷ್ಯ ಕಳೆದವನು ನಾನು. ದೆವ್ವದ ಸುದ್ದಿ ತೆಗೆದವರನ್ನು ಗೇಲಿ ಮಾಡಿ ಕಳಿಸುತ್ತಿದ್ದೆ. ಈಗ ಗೇಲಿಗೆ ಬಾಯಿ ಬರುವುದಿಲ್ಲ.

ಬಸವರಾಜ ನನ್ನ ಬಾಲ್ಯದ ಗೆಳೆಯ. ಊರೂರು ಸುತ್ತಲೆಂದೇ ಮಾಡಿದ ಒಂದು ದೊಡ್ಡ ಬೈಕನ್ನು ದಲ್ಲಾಳಿಯ ಕೈಯಿಂದ ಕೊಂಡಿದ್ದ. ಗೋವಾ ಕಡೆಯ ಹಳೆಯ ಗಾಡಿ. ಮೊದಲು ಯಾರದಿತ್ತೋ ಅವನಿಗೂ ಗೊತ್ತಿಲ್ಲ. ಕೊಂಡ ಕೆಲವೇ ದಿನಕ್ಕೆ ನವಿಲುತೀರ್ಥದ ಏರಿನಲ್ಲಿ ಅದು ನಿಂತುಬಿಟ್ಟಿತು. ಟ್ಯಾಂಕಿನೊಳಗಿದ್ದು ಇಂಜಿನ್ನಿಗೆ ಪೆಟ್ರೋಲ್ ದೂಡುವ ಫ್ಯೂಯಲ್ ಪಂಪ್ ಸುಟ್ಟಿತ್ತು. ಟೆಂಪೋದಲ್ಲಿ ಹಾಕಿಕೊಂಡು ನನ್ನ ಗ್ಯಾರೇಜಿಗೆ ತಂದೆವು. ಅಷ್ಟರಲ್ಲಿ ಅವನಿಗೆ ಎದೆನೋವು ಶುರುವಾಯಿತು. ಧಾರವಾಡದಲ್ಲಿ ಹೃದಯದ ಆಪರೇಷನ್ ಆಗಬೇಕೆಂದರು.

ಆಸ್ಪತ್ರೆಗೆ ಹೋಗುವ ಮುನ್ನ ಬಂದು, ಟ್ಯಾಂಕಿನ ಮುಚ್ಚಳ ತೆಗೆದು, ಇದ್ದಬದ್ದ ಪೆಟ್ರೋಲನ್ನೆಲ್ಲ ಖಾಲಿ ಮಾಡಿಸಿದ. ಆಮೇಲೆ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

"ಪಂಪ್ ಹಾಕಿ ಇಡೋ ದೋಸ್ತ. ಮೊದಲನೇ ಕೀಲಿ ನಾನ ಬಂದು ತಿರುವತೇನಿ."

ನಮ್ಮ ಗ್ಯಾರೇಜಿನ ಪದ್ಧತಿಯೇ ಅದು, ನನಗೆ ಕೆಲಸ ಕಲಿಸಿದ ಉಸ್ತಾದರ ಕಾಲದ್ದು. ದೊಡ್ಡ ಕೆಲಸ ಮುಗಿದ ಮೇಲೆ ಮೊದಲ ಸಲ ಕೀಲಿ ತಿರುವಬೇಕಾದವನು ಗಾಡಿಯ ಮಾಲಕ. ನಾವು ತಿರುವುವಂತಿಲ್ಲ. ಕೀಲಿ ತಿರುವಿದೊಡನೆ ಟ್ಯಾಂಕಿನೊಳಗೆ ಪಂಪು ಒಂದೆರಡು ಕ್ಷಣ ಜುಂಯ್ ಎನ್ನುತ್ತದೆ. ಆ ಸದ್ದು ಬಂತೆಂದರೆ ಕೆಲಸ ಸರಿಯಾಯಿತು ಎಂದರ್ಥ.

ಆಪರೇಷನ್ನಿನ ದಿನ ಕುಳಿತಲ್ಲಿ ಕೂರಲಾಗಲಿಲ್ಲ ನನಗೆ. ಸಂಜೆ ನಮಾಜು ಮುಗಿಸಿ ಗ್ಯಾರೇಜಿಗೆ ಬಂದು, ಷಟರ್ ಅರ್ಧ ಎಳೆದುಕೊಂಡು ಒಬ್ಬನೇ ಕೆಲಸ ಹಿಡಿದೆ. ಬ್ಯಾಟರಿಯ ವಾಯರ್ ಬಿಚ್ಚಿದೆ. ಟ್ಯಾಂಕನ್ನು ಇಳಿಸಿ ಹಳೆಯ ಕೌದಿಯ ಮೇಲೆ ಬೋರಲು ಹಾಕಿದೆ. ಸುಟ್ಟ ಪಂಪನ್ನು ತೆಗೆದು ಹೊಸದನ್ನು ಕೂರಿಸಿ ನಟ್ಟು ಬಿಗಿದೆ. ಅಷ್ಟೊತ್ತಿಗೆ ಹೊರಗೆ ಕತ್ತಲಾಗಿ ಬೆಳಗಾವಿ ರಸ್ತೆಯ ಸದ್ದೂ ಕಡಿಮೆಯಾಗಿತ್ತು. ಟ್ಯಾಂಕು ಇನ್ನೂ ನೆಲದ ಮೇಲೆಯೇ ಇತ್ತು. ನಾನು ಕೈ ಒರೆಸಿಕೊಳ್ಳುತ್ತಿದ್ದೆ...

ಜುಂಯ್...

ಕೌದಿಯ ಮೇಲಿದ್ದ ಟ್ಯಾಂಕಿನೊಳಗಿಂದ. ಒಂದೇ ಒಂದು ವಾಯರೂ ಸೇರಿರದ ಟ್ಯಾಂಕಿನೊಳಗಿಂದ.

ದುಂಬಿಯೋ ಏನೋ ಹೊಕ್ಕಿರಬೇಕು ಎಂದುಕೊಂಡು ಬಾಗಿ ಕಿವಿಯಿಟ್ಟೆ. ಮತ್ತೆ... ಜುಂಯ್... ತಗಡಿನ ನಡುಕ ಕೆನ್ನೆಗೆ ತಾಗಿತು.

ಹಿಂದೆ ತಿರುಗಿದರೆ ಬೈಕಿನ ಮೀಟರಿನಲ್ಲಿ ದೀಪ. ಕೀಲಿ ತಿರುವಿದಾಗ ಆಗುವ ಹಾಗೆಯೇ ಮುಳ್ಳು ನಿಧಾನಕ್ಕೆ ಕೊನೆಯವರೆಗೂ ಏರಿತು, ಇಳಿಯಿತು. ದೀಪ ಆರಿತು. ಬಿಸಿ ಇಂಜಿನ್ನಿನ ವಾಸನೆ ಮೂಗಿಗೆ ಬಡಿಯಿತು. ದೂರದಿಂದ ಓಡಿ ಬಂದು ಆಗಷ್ಟೇ ನಿಂತ ಗಾಡಿಗೆ ಇರುತ್ತದಲ್ಲ, ಅದೇ ವಾಸನೆ. ಈ ಗಾಡಿಯೋ ಎಷ್ಟೋ ದಿನದಿಂದ ಕದಲಿರಲೇ ಇಲ್ಲ. ಇಂಜಿನ್ನಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.

ಬಸವರಾಜನ ಮಾತು ನೆನಪಾಯಿತು. ಮೊದಲನೇ ಕೀಲಿ ತಾನೇ ಬಂದು ತಿರುವುತ್ತೇನೆ ಎಂದಿದ್ದನಲ್ಲ... ಬಂದುಬಿಟ್ಟನೇ?

"ಬಸೂ?" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಬಸವರಾಜನ ಹೆಂಡತಿ ಗಿರಿಜಾ. ಎತ್ತುವ ಧೈರ್ಯವಾಗದೆ ಸುಮ್ಮನೆ ನೋಡುತ್ತ ನಿಂತೆ. ಮತ್ತೊಮ್ಮೆ ಬಂದಾಗ ಎತ್ತಿದೆ.

"ಮಕ್ಬೂಲಣ್ಣಾ... ಆಪರೇಷನ್ ಚಲೋ ಆತ್ರಿ. ಈಗ ಕಣ್ಣ ತಗದಾರ."

ಗೋಡೆಗೆ ಒರಗಿ ಕುಸಿದು ಕುಳಿತೆ. ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ್ರಿ ಅಣ್ಣಾ, ಆರಾಮ ಅದಾರ."

"ವೈನಿ... ಗಾಡಿ ಕೀಲಿ ಎಲ್ಲೈತ್ರಿ?"

"ನನ್ನ ಪರ್ಸಿನ್ಯಾಗ ಐತ್ರಿ. ಯಾಕ್ರಿ?"

"ಏನಿಲ್ಲ ಬಿಡ್ರಿ."

ಗೆಳೆಯ ಉಳಿದನಲ್ಲ ಎಂದು ಹೋದ ಜೀವ ಬಂದಂತಾಯಿತು. ಆದರೆ ಬಸವರಾಜ ಅಲ್ಲಿ ಕಣ್ಣು ಬಿಟ್ಟು ಮಲಗಿದ್ದಾನೆ. ಹಾಗಾದರೆ ಇಲ್ಲಿ ಮಾಲಕನ ಹಾಗೆ ಬಂದವರು ಯಾರು? ಷಟರಿನ ಕೆಳಗೆ ನುಸುಳಿ ಓಡಿದೆ. ಬೀಗ ಹಾಕಿದ್ದು ಕೂಡ ನೆನಪಿಲ್ಲ.

ಮರುದಿನ ಹಗಲಲ್ಲಿ ಇನ್ನೊಬ್ಬ ಮೆಕ್ಯಾನಿಕನನ್ನು ಕರೆದು ತೋರಿಸಿದೆ. ಎಲ್ಲ ಸರಿಯಾಗಿದೆ ಎಂದ. ಬಸವರಾಜನಿಗೆ ಮಾತ್ರ ಹೇಳಲಿಲ್ಲ. ಎದೆ ಹೊಲಿಸಿಕೊಂಡು ಬಂದವನ ಮುಂದೆ ಇಂಥದ್ದನ್ನು ಹೇಗೆ ಹೇಳುವುದು? ಗುಣವಾಗಿ, ಡಾಕ್ಟರು ಹೂಂ ಎಂದ ಮೇಲೆ ನಗುನಗುತ್ತ ಗಾಡಿ ಒಯ್ದ.

ಇವತ್ತು ಬೆಳಿಗ್ಗೆ ಮಗಳನ್ನು ಹಿಂದೆ ಕೂರಿಸಿಕೊಂಡು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಸವದತ್ತಿ ಗುಡ್ಡಕ್ಕೆ ಹೊರಟಿದ್ದರು.

"ಈ ಗಾಡಿ ಮಾರಿಬಿಡೋ ಬಸೂ," ಎಂದೆ.

"ನಿನಗ ಹುಚ್ಚ ಹಿಡದೈತೇನು? ನೀ ಪಂಪ್ ಹಾಕಿದ ಮ್ಯಾಲ ಭಾಳ ಚಲೋ ಆಗೈತಿ." ಆಮೇಲೆ ನನ್ನ ಕಡೆ ಬಾಗಿದ. "ಖರೇ ಹೇಳು, ಹೊಸಾ ಸಿಸ್ಟಮ್ ಏನರ ಹಾಕಿಯೇನು? ನಾ ಕೀಲಿ ಹಿಡಕೊಂಡು ಹತ್ರ ಬರೂದ್ರಾಗ ಪಂಪ್ ಜುಂಯ್ ಅಂದಿರತೈತಿ. ಯಾರೋ ನನಗಿಂತ ಮೊದಲ ಕುಂತಾರೇನೋ ಅನ್ನೂಹಂಗ."

ಹುಡುಗಿ ಅಪ್ಪನ ಸೊಂಟ ಹಿಡಿದುಕೊಂಡು ನನಗೆ ಕೈಬೀಸಿದಳು. ಗಾಡಿ ತಿರುವಿನಲ್ಲಿ ಮರೆಯಾಯಿತು.

ಅವನು ಗಾಡಿ ಹೊರತೆಗೆದ ದಿನವೆಲ್ಲ, ಕತ್ತಲಾದೊಡನೆ ನಾನು ಗಿರಿಜಾ ವೈನಿಗೆ ಫೋನು ಮಾಡುತ್ತೇನೆ. ಮನಿ ಮುಟ್ಟಿದನೇನ್ರಿ ಎಂದು ಕೇಳುತ್ತೇನೆ. ಈಗಷ್ಟೇ ಮಾಡಿದ್ದೆ.

ಇನ್ನೂ ಮುಟ್ಟಿಲ್ಲವಂತೆ.