ಮೆಟ್ಟಿಲ ಮೇಲೆ ಬಿಟ್ಟ ಕುಂಬಳಕಾಯಿ

ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಾನು ಲೆಕ್ಕದ ಮೇಷ್ಟ್ರು, ದೆವ್ವ ಅಂದರೆ ನಗುತ್ತಿದ್ದವನು. ಆದರೆ ನನ್ನ ಹೆಂಡತಿ ಕಮಲಳ ಎಡಗೈಯಲ್ಲಿ ಇವತ್ತಿಗೂ ಹನ್ನೊಂದು ಹೊಲಿಗೆಯ ಗುರುತಿದೆ.

ಅರವತ್ತರ ದಶಕದ ಮಾತು. ಜರಗನಹಳ್ಳಿಯಲ್ಲಿದ್ದ ಅವಳ ತವರಿನ ದೊಡ್ಡಮನೆ ಆಗಷ್ಟೇ ಮ್ಯೂಸಿಯಂ ಆಗಿತ್ತು. ಆಯುಧಪೂಜೆಯ ಸಂಜೆ ಜಯನಗರದಿಂದ ನೋಡಲು ಹೋದೆವು. ಕಮಲ ಚೀಲದಲ್ಲಿ ಬೂದುಗುಂಬಳಕಾಯಿ ಇಟ್ಟುಕೊಂಡಿದ್ದಳು. ಆ ಮನೆಯ ಕತ್ತಿಗೆ ಅವತ್ತು ಒಂದು ಕಾಯಿ ಒಡೆಯಲೇಬೇಕು, ಇಲ್ಲದಿದ್ದರೆ ಮನೆಯವರ ರಕ್ತ ಕೇಳುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದರಂತೆ.

ಕಾವಲುಗಾರ ಸಿದ್ದಪ್ಪ ಬಾಗಿಲಲ್ಲೇ ತಡೆದ. "ಕಾಯಿ ಒಳಗೆ ಬಿಡಲ್ಲ ಅಮ್ಮ. ಕತ್ತಿ ಗಾಜಿನ ಪೆಟ್ಟಿಗೇಲಿದೆ, ಬೀಗ ಹಾಕಿದೀವಿ. ಈಗಿದು ಎಲ್ಲರ ಮನೆ."

"ಇಲ್ಲೇ ಒಡೆದು ಬರ್ತೀನಿ ಕಣ್ರೀ," ಎಂದಳು ಕಮಲ ಮೆಲ್ಲಗೆ.

ನನಗೆ ನಾಲ್ಕು ಜನರೆದುರು ನಾಚಿಕೆ. "ಕುಂಕುಮ ಚೆಲ್ಲಿ ಮಾನ ಕಳೀಬೇಡ. ಚಪ್ಪಲಿ ಪಕ್ಕ ಇಟ್ಟು ಬಾ," ಎಂದು ಗದರಿದೆ. ಇಟ್ಟಳು.

ನಡುಮನೆಯಲ್ಲಿ ನಾವಿಬ್ಬರೇ. ಎಣ್ಣೆ ಹಚ್ಚಿದ ಕಬ್ಬಿಣದ ವಾಸನೆ. ಕಮಲ ಕತ್ತಿಯೆದುರು ಕೈಮುಗಿದಳು...

ಚಕ್.

ಹಸಿ ಕಾಯಿ ಸೀಳಿದಂಥ ಶಬ್ದ. ಅವಳ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ಬಾಯಿ ಬಿಟ್ಟಿತ್ತು. ರಕ್ತ ಗಾಜಿಗೆ ಎರಚಿತು. ಗಾಜು ಒಡೆದಿರಲಿಲ್ಲ, ಬೀಗ ಹಾಕಿದಂತೆಯೇ ಇತ್ತು.

ಚಕ್... ಈ ಸಲ ಭುಜದ ರವಿಕೆ ಸೀಳಿತು. ಅವಳು ಕುಸಿದಳು.

"ಕಾಯಿ... ಕಾಯಿ ಒಡೀರಿ."

ಓಡಿದೆ. ಎರಡೂ ಕೈಯಲ್ಲಿ ಎತ್ತಿ ಮೆಟ್ಟಿಲಿಗೆ ಅಪ್ಪಳಿಸಿದೆ. ಒಡೆಯಲಿಲ್ಲ. ಒಳಗಿನಿಂದ ಮತ್ತೆ ಅದೇ ಶಬ್ದ, ಮತ್ತೆ ಅವಳ ಚೀರಾಟ. ಇನ್ನೊಮ್ಮೆ ಅಪ್ಪಳಿಸಿದೆ. ಕಾಯಿ ಎರಡು ಹೋಳಾಯಿತು... ಒಳಗೆಲ್ಲ ನಿಶ್ಶಬ್ದ.

ವಾಪಸ್ಸು ಬಂದಾಗ ಸಿದ್ದಪ್ಪ ತನ್ನ ಟವೆಲ್ಲಿನಿಂದ ಅವಳ ಕೈ ಬಿಗಿಯುತ್ತಿದ್ದ. ಅವನ ಕಣ್ಣು ಪೆಟ್ಟಿಗೆಯ ಮೇಲಿತ್ತು. ಕತ್ತಿಯ ತುದಿಯಿಂದ ಕೆಂಪು ಹನಿ ಬೀಳುತ್ತಿತ್ತು, ಗಾಜಿನ ಒಳಗಡೆ.

ಕಮಲ ಬದುಕಿದಳು. ಆ ಗದರಿಕೆಗೆ ನಾನು ನನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ.

ಮರುವರ್ಷ ಅದೇ ದಿನ ನಾನೊಬ್ಬನೇ ಕುಂಬಳಕಾಯಿ ಹೊತ್ತು ಹೋದೆ. ಮೆಟ್ಟಿಲ ಮೇಲೆ ಆಗಲೇ ಒಂದು ಕಾಯಿ ಒಡೆದು ಬಿದ್ದಿತ್ತು, ಪಕ್ಕದಲ್ಲಿ ಸಿದ್ದಪ್ಪ ಕೂತಿದ್ದ.

"ನೀನ್ಯಾಕಪ್ಪ ಒಡೆದೆ? ನೀನು ಆ ಮನೆಯವನಲ್ಲವಲ್ಲ."

ಅವನು ಅಂಗಿಯ ತೋಳು ಮೇಲೆತ್ತಿದ. ಮೊಣಕೈವರೆಗೆ ಸುತ್ತಿದ್ದ ಬಟ್ಟೆಯಲ್ಲಿ ರಕ್ತ ಇನ್ನೂ ಒದ್ದೆಯಾಗಿತ್ತು.

"ಒಡೆಯೋದು ಸ್ವಲ್ಪ ತಡ ಆಯ್ತು ಸಾರ್. ಈಗಿದು ಎಲ್ಲರ ಮನೆ ಅಲ್ವಾ..."

ಒಳಗೆ, ಕತ್ತಿಯ ಪೆಟ್ಟಿಗೆಯ ಸುತ್ತ, ಸ್ಕೂಲಿನ ಮಕ್ಕಳು ಸಾಲಾಗಿ ನಿಂತಿದ್ದರು.